ಏರದ ಗಾಜು, ಅಜ್ಜಿಯ ಕಣ್ಣು

ಬಾಗಲಕೋಟೆಯಲ್ಲಿ ಅಜ್ಜಿಗೆ ಕಣ್ಣಿನ ಪೊರೆಯ ಆಪರೇಷನ್ ಮಾಡಿಸಿ ಕಾರಿನಲ್ಲಿ ಇಳಕಲ್ಲಿಗೆ ಹೊರಟಿದ್ದೆ. ‘ಕಣ್ಣಿಗೆ ಧೂಳು ತಾಗಬಾರದು’ ಎಂದಿದ್ದರು ಡಾಕ್ಟರು. ಅಮೀನಗಡದಲ್ಲಿ ಕರದಂಟು ಕೊಳ್ಳಲು (ನನಗೇ ಬೇಕಿತ್ತು, ಸುಳ್ಳೇಕೆ!) ಇಳಿಸಿದ ಅಜ್ಜಿ ಕಡೆಯ ಗಾಜು ಮತ್ತೆ ಏರಲೇ ಇಲ್ಲ. ಅಜ್ಜಿ ಕರಿ ಕನ್ನಡಕದ ಮೇಲೆ ಸೆರಗು ಎಳೆದುಕೊಂಡಳು.

ಹುನಗುಂದದ ಮೆಕ್ಯಾನಿಕ್ ಕಾಕಾಗೆ ಫೋನ್ ಮಾಡಿದೆ.

‘ಉಳಿದ ಗಾಜು ಏರ್ತಾವೇನು?’

‘ಹೂಂ ಕಾಕಾ.’

‘ಹಂಗಾದ್ರ ಈ ಗಾಡ್ಯಾಗ ಫ್ಯೂಸ್ ಸುಟ್ಟಿಲ್ಲ. ಬಟನ್ ಒತ್ತಿದ್ರ ಒಳಗ ಗುಂಯ್ ಅಂತೈತೇನು?’

ಸದ್ದಿರಲಿಲ್ಲ. ಸದ್ದು ಬಂದೂ ಗಾಜು ಏರದಿದ್ದರೆ ಕೇಬಲ್ ಹರಿದಿರುತ್ತದಂತೆ. ಸದ್ದೇ ಇಲ್ಲದಿದ್ದರೆ ಸ್ವಿಚ್, ವೈರ್ ಇಲ್ಲವೇ ಮೋಟಾರ್.

‘ಬಟನ್ ಹಿಡ್ಕೊಂಡು ಬಾಗಲಕ್ಕ ಒಳಗಿಂದ ಗುದ್ದು.’

ಮೂರನೇ ಗುದ್ದಿಗೆ ಗಾಜು ಏರಿತು!

‘ಮತ್ತ ಇಳಸಬ್ಯಾಡ. ಮೋಟಾರಿನ ಬ್ರಷ್ ಸವದಿರಬೇಕು, ನಾಳೆ ಬಾ.’

ಸೆರಗು ಸರಿಸಿದ ಅಜ್ಜಿ, ‘ಕರದಂಟರ ಕೊಡೋ’ ಎಂದಳು.