ಮಾರುವವರು, ಕೊಳ್ಳುವವರು, ನಡುವೆ ಹಣ ಹಿಡಿಯುವವರು

ಮೂಲೆ ಸೇರಿದ ಹಳೆಯ ಸಾಮಾನನ್ನು ನಮ್ಮ ಬೀದಿಯವರಿಗೇ ಮಾರಿದರೆ ತಲೆನೋವಿಲ್ಲ. ಈ ಕೈಲಿ ಸಾಮಾನು, ಆ ಕೈಲಿ ದುಡ್ಡು. ಕೊಳ್ಳುವವರು ಕಾಣದ ಊರಿನಲ್ಲಿದ್ದು, ಮಾತುಕತೆಯೆಲ್ಲ ಫೋನಿನಲ್ಲೇ ನಡೆದರೆ? ಸಾಮಾನು ಮೊದಲು ಕಳಿಸಬೇಕೋ, ದುಡ್ಡು ಮೊದಲು ಬರಬೇಕೋ? ಯಾರು ಯಾರನ್ನು ನಂಬಬೇಕು?

ಸೋದರಿಯರೇ, ಇಂಟರ್‌ನೆಟ್ಟಿನಲ್ಲಿ ಹರಾಜು ಶುರುವಾದಾಗಿನಿಂದಲೂ ಈ ಪ್ರಶ್ನೆ ಇದ್ದದ್ದೇ. 1995ರಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ಎಂಬುವರು ಆರಂಭಿಸಿದ ಹರಾಜು ತಾಣವೇ ಮುಂದೆ 'ಈಬೇ' ಆಯಿತು. ಅಲ್ಲಿ ಮೊದಲು ಮಾರಾಟವಾದದ್ದು ಏನು ಗೊತ್ತೇ? ಕೆಟ್ಟುಹೋದ ಒಂದು ಲೇಸರ್ ಪಾಯಿಂಟರ್! ಹೋದದ್ದು 14 ಡಾಲರ್ 83 ಸೆಂಟಿಗೆ. ಹಾಳಾದ ಸಾಮಾನಿಗೂ ಗಿರಾಕಿ ಸಿಕ್ಕರು; ಕಷ್ಟವಿದ್ದದ್ದು ದುಡ್ಡು ತಲುಪಿಸುವುದರಲ್ಲಿ. ಹರಾಜಿನಲ್ಲಿ ಗೆದ್ದವರು ಚೆಕ್ಕನ್ನೋ ಮನಿಯಾರ್ಡರನ್ನೋ ಅಂಚೆಯಲ್ಲಿ ಕಳಿಸಬೇಕು. ಅದು ಬಂದು ಜಮಾ ಆಗುವ ತನಕ ಮಾರಿದವರು ಕಾಯಬೇಕು.

ಈ ತೊಡಕು ಬಿಡಿಸಿದ್ದು 'ಪೇಪಾಲ್'. ಇ-ಮೇಲ್ ವಿಳಾಸವಿದ್ದರೆ ಸಾಕು, ಹಣ ಕಳಿಸಬಹುದಿತ್ತು. ಕೊಳ್ಳುವವರ ಕಾರ್ಡಿನ ಸಂಖ್ಯೆ ಮಾರುವವರ ಕಣ್ಣಿಗೆ ಬೀಳುತ್ತಿರಲಿಲ್ಲ. ಈಬೇ ಬಳಿ ತನ್ನದೇ ಆದ 'ಬಿಲ್‌ಪಾಯಿಂಟ್' ಇದ್ದರೂ ಜನ ಒಲಿದದ್ದು ಪೇಪಾಲಿಗೇ. ನಮ್ಮನೆ ಸಾರಿಗಿಂತ ಪಕ್ಕದ ಮನೆ ಸಾರೇ ರುಚಿ ಎಂದಂತೆ! ಕೊನೆಗೆ 2002ರಲ್ಲಿ ಈಬೇ 150 ಕೋಟಿ ಡಾಲರಿನ ಲೆಕ್ಕದಲ್ಲಿ ಪೇಪಾಲನ್ನೇ ಕೊಂಡುಕೊಂಡಿತು. 2015ರಲ್ಲಿ ಎರಡೂ ಬೇರೆ ಒಲೆ ಹೂಡಿದವು.

ನಮ್ಮ ದೇಶಕ್ಕೂ ಈಬೇ ಬಂದಿತ್ತು. 2004ರಲ್ಲಿ ಇಲ್ಲಿನ 'ಬಾಜಿ' ಎಂಬ ಹರಾಜು ತಾಣವನ್ನು ಕೊಂಡು, 'ಪೈಸಾಪೇ' ಎಂಬ ಏರ್ಪಾಡು ನಡೆಸಿತು. ಕೊಂಡವರ ದುಡ್ಡು ನೇರ ಮಾರಿದವರ ಕೈ ಸೇರದೆ ನಡುವೆ ನಿಂತು ಹೋಗುತ್ತಿತ್ತು. ಆ ಅಂಗಡಿ 2018ರಲ್ಲಿ ಬಾಗಿಲು ಹಾಕಿತು.

2016ರಲ್ಲಿ ಯುಪಿಐ ಬಂದ ಮೇಲೆ ದುಡ್ಡು ಕಣ್ಣು ಮಿಟುಕಿಸುವಷ್ಟರಲ್ಲಿ ಖಾತೆಯಿಂದ ಖಾತೆಗೆ ಹಾರುತ್ತದೆ. ಎಂಥ ಅನುಕೂಲ! ಆದರೆ ಅಪರಿಚಿತರ ಜತೆ ನೇರ ವ್ಯಾಪಾರ ಮಾಡುವಾಗ ನಡುವೆ ಹಣ ಹಿಡಿಯುವವರು ಯಾರೂ ಇಲ್ಲ ಎಂಬುದನ್ನು ನಾವು ಮರೆಯುತ್ತೇವೆ. ನಾನೂ ಮರೆತೆ.

ಹೋದ ವರ್ಷ ಹಳೆಯ ಗ್ರೈಂಡರ್ ಮಾರಲು ಫೋನಿನಲ್ಲಿ ಜಾಹೀರಾತು ಹಾಕಿದ್ದೆ. ಒಬ್ಬಾತ ಚೌಕಾಸಿಯನ್ನೇ ಮಾಡದೆ ನಾಲ್ಕು ಸಾವಿರಕ್ಕೆ ಒಪ್ಪಿದ. "ಅಮ್ಮಾ, ಈ ಚೌಕದ ಗುರುತು ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬಂದುಬಿಡುತ್ತೆ" ಅಂದ. ಹಾಕಿದೆ. ಬರಲಿಲ್ಲ, ಹೋಯಿತು! ಚೀಟಿ ಕಟ್ಟಲು ಇಟ್ಟಿದ್ದ ನಾಲ್ಕು ಸಾವಿರ. ಅದಕ್ಕಿಂತ ದೊಡ್ಡ ತಪ್ಪೆಂದರೆ, ಮನೆಯವರು ಏನಂದಾರೋ ಎಂದು ಎರಡು ದಿನ ಬಾಯಿ ಬಿಡಲಿಲ್ಲ. ಹೇಳುವ ಹೊತ್ತಿಗೆ ಕಾಲ ಮಿಂಚಿತ್ತು. ದುಡ್ಡು ವಾಪಸ್ ಬರಲಿಲ್ಲ.

ನೀವು ಹಾಗೆ ಮಾಡಬೇಡಿ. ಈ ಮಾತುಗಳನ್ನು ನೆನಪಿಡಿ:

• ಹಣ ಬರುವುದಕ್ಕೆ ಪಿನ್ ಬೇಕಿಲ್ಲ, ಸ್ಕ್ಯಾನೂ ಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗಲಿದೆ ಎಂದೇ ತಿಳಿಯಿರಿ.

• 'ಹಣ ಜಮಾ ಆಗಿದೆ' ಎಂದು ಬರುವ ಸಂದೇಶ ನಂಬಬೇಡಿ; ನಿಮ್ಮ ಖಾತೆಯ ಲೆಕ್ಕ ನೋಡಿಕೊಳ್ಳಿ.

• ಅಪರಿಚಿತರಿಗೆ ಮುಂಗಡ ಕಳಿಸಬೇಡಿ. ಸಾಮಾನು ಕಣ್ಣಾರೆ ಕಂಡ ಮೇಲೆ ದುಡ್ಡು.

• ಮೋಸವಾಯಿತೆಂದು ತಿಳಿದ ಕ್ಷಣವೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ. ಬೇಗ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಉಂಟು.

ನಡುವೆ ಹಣ ಹಿಡಿಯುವವರಿಲ್ಲದ ಕಡೆ ನಮ್ಮ ಎಚ್ಚರವೇ ಆ ಕೆಲಸ ಮಾಡಬೇಕು. ಮೋಸ ಹೋದದ್ದಕ್ಕೆ ನಾಚಿಕೆ ಬೇಡ. ನಾಚಬೇಕಾದವರು ಮೋಸ ಮಾಡಿದವರು. ಏನಂತೀರಿ?