ಹವ್ಯಾಸಿ ರೇಡಿಯೋ ಕಂಬ: ನೆಡುವ ಬಗೆ, ಕಾಯುವ ಬಗೆ



ಅಲ್ಲೊಂದು ಇಲ್ಲೊಂದು ಊರಿನಲ್ಲಿ, ಮನೆಯ ಹಿತ್ತಲಿನಲ್ಲಿ ಎತ್ತರದ ಕಂಬವೊಂದು ನಿಂತು, ಅದರ ತುದಿಯಿಂದ ಎರಡು ಕಡೆಗೂ ತಂತಿ ಇಳಿದಿರುವುದನ್ನು ನೀವು ನೋಡಿರಬಹುದು. ಅದು ಬಟ್ಟೆ ಒಣಗಿಸುವ ತಂತಿಯಲ್ಲ, ವಿದ್ಯುತ್ ತಂತಿಯೂ ಅಲ್ಲ. ಅದು ಹವ್ಯಾಸಿ ರೇಡಿಯೋದವರ ಆಂಟೆನಾ. ನಮ್ಮ ಹಿರಿಯರು ಏರಿಯಲ್ ಎನ್ನುತ್ತಿದ್ದರು. ಹಣದ ಆಸೆಯಿಲ್ಲದೆ, ವ್ಯಾಪಾರದ ಮಾತಿಲ್ಲದೆ, ಕಲಿಯುವ ಆಸಕ್ತಿಯಿಂದ ದೂರದವರೊಡನೆ ರೇಡಿಯೋ ಮೂಲಕ ಮಾತನಾಡುವವರೇ ಹವ್ಯಾಸಿಗಳು. ಇವರನ್ನು ಹ್ಯಾಮ್‌ಗಳೆಂದೂ ಕರೆಯುವುದುಂಟು.

ಮನೆಯಿಂದಲೇ ರೇಡಿಯೋ ನಡೆಸುವುದು ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟಿನ ಚಿಕ್ಕ ಯಂತ್ರವನ್ನಿಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಮೈಸೂರು ಕೇಂದ್ರದಿಂದಲೇ ಮುಂದೆ ದೇಶಕ್ಕೆಲ್ಲ ಹರಡಿತು.

ಇದರಿಂದ ಹಳ್ಳಿಗೇನು ಪ್ರಯೋಜನ?

ಮಲೆನಾಡಿನಲ್ಲಿ ಜಡಿಮಳೆ ಹಿಡಿದು ಮರಗಳು ಉರುಳಿದರೆ ಕರೆಂಟು ಹೋಗುತ್ತದೆ. ಕರೆಂಟು ಬಹಳ ಹೊತ್ತು ಬಾರದಿದ್ದರೆ ಮೊಬೈಲ್ ಟವರಿನ ಬ್ಯಾಟರಿಯೂ ಬರಿದಾಗುತ್ತದೆ. ಆಗ ಕೈಯಲ್ಲಿರುವ ಫೋನು ಇದ್ದೂ ಇಲ್ಲದಂತೆ. ಹವ್ಯಾಸಿಯ ಯಂತ್ರಕ್ಕಾದರೋ ಒಂದು ಕಾರಿನ ಬ್ಯಾಟರಿ, ಒಂದು ಕಂಬ, ಒಂದಿಷ್ಟು ತಾಮ್ರದ ತಂತಿ ಇದ್ದರೆ ಸಾಕು. ನಡುವೆ ಯಾವ ಟವರೂ ಬೇಡ.

2004ರ ಡಿಸೆಂಬರ್ 26ರಂದು ಸುನಾಮಿ ಅಂಡಮಾನ್ ನಿಕೋಬಾರ್ ದ್ವೀಪಗಳಿಗೆ ಅಪ್ಪಳಿಸಿತು. ಹವ್ಯಾಸಿ ರೇಡಿಯೋ ಕೆಲಸಕ್ಕೆಂದು ಆಗಿನ ಪೋರ್ಟ್ ಬ್ಲೇರಿಗೆ ಹೋಗಿದ್ದ ಭಾರತಿ ಪ್ರಸಾದ್ ಅವರೂ ಅವರ ಸಂಗಡಿಗರೂ ತಮ್ಮ ಯಂತ್ರಗಳಿಂದ ಅಲ್ಲಿನ ಸುದ್ದಿಯನ್ನು ಹೊರಗೆ ಮುಟ್ಟಿಸಿದರು. ಕಂಬ ನಿಂತಿದ್ದರೆ ಮಾತು ಹೋಗುತ್ತದೆ. ಕಂಬ ಬಿದ್ದರೆ ಎಷ್ಟು ಬೆಲೆಯ ಯಂತ್ರವಾದರೂ ಮೂಕ. ಆದುದರಿಂದ ಈ ಲೇಖನದಲ್ಲಿ ಯಂತ್ರದ ಮಾತಿಗಿಂತ ಕಂಬದ ಮಾತನ್ನೇ ಹೆಚ್ಚಾಗಿ ಹೇಳಿದೆ.

ಒಂದು ಎಚ್ಚರಿಕೆ. ಕೇಳುವುದು ಬೇರೆ, ಕಳುಹಿಸುವುದು ಬೇರೆ. ಮಾತು ಕಳುಹಿಸುವುದಕ್ಕೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯಲೇಬೇಕು. 12 ವರ್ಷ ತುಂಬಿದ ಹುಡುಗ ಹುಡುಗಿಯರೂ ಪರೀಕ್ಷೆಗೆ ಕೂರಬಹುದು.

ತಂತಿಯ ಅಳತೆ

ತುಂಬ ಸುಲಭವಾದ, ಅಗ್ಗವಾದ ಆಂಟೆನಾ ಎಂದರೆ ಡೈಪೋಲ್. ಒಂದು ತಂತಿಯನ್ನು ನಟ್ಟನಡುವೆ ಕತ್ತರಿಸಿ, ಅಲ್ಲಿ ಪಿಂಗಾಣಿ ಇಲ್ಲವೆ ಪ್ಲಾಸ್ಟಿಕ್ಕಿನ ತುಂಡು ಕಟ್ಟಿ, ಎರಡು ಅರ್ಧಗಳಿಗೂ ಕೇಬಲ್ಲಿನ ಎರಡು ಎಳೆಗಳನ್ನು ಜೋಡಿಸಿದರೆ ಅದೇ ಡೈಪೋಲ್.

ಉದ್ದದ ಲೆಕ್ಕ ಹೀಗೆ: 468ನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ಒಟ್ಟು ಉದ್ದ ಅಡಿಗಳಲ್ಲಿ ಬರುತ್ತದೆ. 7.1 ಮೆಗಾಹರ್ಟ್ಸಿಗೆ ಸುಮಾರು 66 ಅಡಿ. ಒಂದೊಂದು ಕಡೆಗೆ 33 ಅಡಿ. ಮೊದಲು ಒಂದೊಂದು ಕಡೆಗೂ ಒಂದಡಿ ಹೆಚ್ಚಾಗಿಯೇ ಬಿಡಿ. ಆಮೇಲೆ ಮೀಟರು ನೋಡಿಕೊಂಡು ಎರಡು ಕಡೆಯಲ್ಲೂ ಸಮವಾಗಿ ಎರಡೆರಡು ಅಂಗುಲ ಕತ್ತರಿಸುತ್ತ ಬನ್ನಿ. ಹೆಚ್ಚಿದ್ದರೆ ಕತ್ತರಿಸಬಹುದು, ಕಡಮೆಯಾದರೆ ಗಂಟು ಹಾಕಬೇಕಾಗುತ್ತದೆ.

ಎತ್ತರ ಎಷ್ಟಿರಬೇಕು? 7 ಮೆಗಾಹರ್ಟ್ಸಿನ ತಂತಿಯನ್ನು 20ರಿಂದ 30 ಅಡಿ ಎತ್ತರದಲ್ಲಿ ಕಟ್ಟಿದರೆ ಅಲೆಗಳು ನೆಟ್ಟಗೆ ಮೇಲಕ್ಕೆ ಹೋಗಿ, ಆಕಾಶದ ವಿದ್ಯುತ್ ಪದರಕ್ಕೆ ತಾಗಿ, ಸುತ್ತಣ ಜಿಲ್ಲೆಗಳ ಮೇಲೆ ಕೊಡೆಯಂತೆ ಇಳಿಯುತ್ತವೆ. ಗುಡ್ಡ ಅಡ್ಡ ಬಂದರೂ ಚಿಂತೆಯಿಲ್ಲ. ಮಲೆನಾಡಿನವರಿಗೆ ಹಗಲು ಹೊತ್ತಿನಲ್ಲಿ ಇದು ಬಹಳ ಅನುಕೂಲ.

145 ಮೆಗಾಹರ್ಟ್ಸಿನ ಸುತ್ತ ಕೆಲಸ ಮಾಡುವ ಕೈ ಯಂತ್ರಗಳ ರೀತಿ ಬೇರೆ. ಅವುಗಳ ಅಲೆ ಹೆಚ್ಚುಕಡಮೆ ಕಣ್ಣಿನ ನೋಟದಂತೆ ನೇರವಾಗಿ ಹೋಗುತ್ತದೆ. ಬಯಲುಸೀಮೆಯ ಸಮತಟ್ಟಾದ ನೆಲದಲ್ಲಿ 30 ಅಡಿಯ ಎರಡು ಕಂಬಗಳ ನಡುವೆ ಸುಮಾರು 25 ಕಿಲೋಮೀಟರು ಮಾತು ನಡೆಯಬಹುದು. ಇಲ್ಲಿ ಎತ್ತರವೇ ಬಂಡವಾಳ.

ಜಾಗದ ಆಯ್ಕೆ

ಕಂಬ ನೆಡುವ ಮುಂಚೆ ನಾಲ್ಕು ಸುತ್ತ ನೋಡಿ. ಮೊದಲು ನೋಡಬೇಕಾದದ್ದು ವಿದ್ಯುತ್ ತಂತಿ. ಕಂಬ ಯಾವ ದಿಕ್ಕಿಗೆ ಬಿದ್ದರೂ ಕಂಬವಾಗಲಿ, ಆಂಟೆನಾ ತಂತಿಯಾಗಲಿ, ಕಟ್ಟಿದ ಹಗ್ಗವಾಗಲಿ ವಿದ್ಯುತ್ ತಂತಿಗೆ ತಾಗಬಾರದು. 30 ಅಡಿಯ ಕಂಬವಾದರೆ ವಿದ್ಯುತ್ ತಂತಿ 45 ಅಡಿಗಿಂತಲೂ ದೂರವಿರಲಿ. ವಿದ್ಯುತ್ ತಂತಿಯ ಮೇಲೆ ಹಾಯಿಸುವುದೂ ಬೇಡ, ಕೆಳಗೆ ನುಸುಳಿಸುವುದೂ ಬೇಡ. ಆಂಟೆನಾ ಕೆಲಸದಲ್ಲಿ ಜನ ಜೀವ ಕಳೆದುಕೊಳ್ಳುವುದು ಬಹುಮಟ್ಟಿಗೆ ಈ ಒಂದು ತಪ್ಪಿನಿಂದಲೇ. ಜಾಗ ಸಾಲದಿದ್ದರೆ ಕಂಬವನ್ನು ಗಿಡ್ಡ ಮಾಡಿ. ದೂರವನ್ನು ಮಾತ್ರ ಕಡಮೆ ಮಾಡಬೇಡಿ.

ಕಂಬ ಬಿದ್ದರೆ ದಾರಿಗೆ, ನೆರೆಮನೆಗೆ, ದನದ ಕೊಟ್ಟಿಗೆಗೆ ಬೀಳಬಾರದು. ನೆರೆಯವರಿಗೆ ಮುಂಚಿತವಾಗಿ ತಿಳಿಸಿ, ಪಂಚಾಯಿತಿಯಲ್ಲಿ ಒಂದು ಮಾತು ಕೇಳಿ ಕೆಲಸ ಆರಂಭಿಸುವುದು ಒಳ್ಳೆಯದು.

ಕಂಬ ಮತ್ತು ಬಿಗಿತಂತಿ

ಸರ್ವೆ ಮರದ ಕಂಬ, ಗಟ್ಟಿ ಬಿದಿರು, ಜಿ.ಐ. ಪೈಪು, ಇವುಗಳಲ್ಲಿ ಯಾವುದಾದರೂ ಆಗಬಹುದು. ಮರದ ಕಂಬವಾದರೆ ನೆಲದೊಳಗೆ ಹೋಗುವ ಭಾಗಕ್ಕೆ ಗೆದ್ದಲು ಹಿಡಿಯದಂತೆ ಡಾಂಬರು ಬಳಿಯಿರಿ. 30 ಅಡಿಯ ಕಂಬದಲ್ಲಿ 5 ಅಡಿ ನೆಲದೊಳಗಿರಲಿ. ಪೈಪಾದರೆ ಬುಡದಲ್ಲಿ ಕಾಂಕ್ರೀಟಿನ ಗಟ್ಟಿ ಹಾಕಿ, ಅದರಲ್ಲಿ ತಿರುಗಣೆ ಕೂರಿಸಿದರೆ ರಿಪೇರಿಗೆ ಕಂಬವನ್ನೇ ಮಲಗಿಸಬಹುದು, ಹತ್ತುವ ಕೆಲಸವಿಲ್ಲ. ತೆಂಗಿನ ಮರಕ್ಕೂ ಕಟ್ಟಬಹುದು; ಆದರೆ ಮೊಳೆ ಹೊಡೆಯಬೇಡಿ. ಅಡಿಕೆ ಮರ ಗಾಳಿಗೆ ಬಹಳ ತೂಗುವುದರಿಂದ ಅದನ್ನು ನಂಬುವಂತಿಲ್ಲ. ಮರಕ್ಕೆ ಕಟ್ಟುವಾಗ ತಂತಿಯ ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಕೊನೆಗೊಂದು ಕಲ್ಲು ತೂಗುಬಿಡಿ. ಮರ ತೂಗಿದಾಗ ಕಲ್ಲು ಏರಿ ಇಳಿಯುತ್ತದೆ, ತಂತಿ ಹರಿಯುವುದಿಲ್ಲ.

ಕಂಬವನ್ನು ನಿಲ್ಲಿಸುವುದು ಬುಡವಲ್ಲ, ಬಿಗಿತಂತಿ. ಇದನ್ನೇ ಲೈನ್‌ಮನ್‌ಗಳು ಸ್ಟೇ ವೈರು ಎನ್ನುತ್ತಾರೆ. ಮೂರು ದಿಕ್ಕಿಗೆ, ಒಲೆಯ ಮೂರು ಗುಂಡುಗಳಂತೆ ಸಮ ಅಂತರದಲ್ಲಿ ಕಟ್ಟಬೇಕು. 30 ಅಡಿಯ ಪೈಪಿಗೆ ನಡುವಿನಲ್ಲಿ ಮೂರು, ತುದಿಯ ಹತ್ತಿರ ಮೂರು, ಹೀಗೆ ಆರು ತಂತಿ ಬೇಕು. ಗೂಟಗಳು ಬುಡದಿಂದ 18ರಿಂದ 24 ಅಡಿ ದೂರವಿರಲಿ. ಹತ್ತಿರವಾದರೆ ಹಿಡಿತ ಸಾಲದು. ಬರಿಯ ಗೂಟ ಮಳೆಗಾಲದಲ್ಲಿ ಮಣ್ಣು ಮೆತ್ತಗಾದಾಗ ಕಿತ್ತು ಬರುತ್ತದೆ. ಮೂರಡಿ ಗುಂಡಿ ತೋಡಿ, ಕಬ್ಬಿಣದ ಸರಳಿನ ಬುಡಕ್ಕೆ ಅಡ್ಡಲಾಗಿ ಕಲ್ಲು ಕಟ್ಟಿ ಹೂತು, ಮಣ್ಣನ್ನು ಪದರಪದರವಾಗಿ ಧಮ್ಮಸು ಮಾಡಿ. ತಂತಿಗಳನ್ನು ಸಮವಾಗಿ ಬಿಗಿಯಿರಿ. ಒಂದೇ ಕಡೆಗೆ ಅತಿಯಾಗಿ ಎಳೆದರೆ ಕಂಬ ಬಿಲ್ಲಾಗುತ್ತದೆ. ತಂತಿಯ ಕೆಳತುದಿಗೆ ಬಿಳಿಯ ಬಟ್ಟೆ ಕಟ್ಟಿದರೆ ಮಕ್ಕಳೂ ದನಕರುಗಳೂ ಎಡವುವುದಿಲ್ಲ.

ಎಬ್ಬಿಸುವ ದಿನ

ಗಾಳಿಯಿಲ್ಲದ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಿ. ಮೋಡ ಕವಿದಿದ್ದರೆ ಕೆಲಸ ಮುಂದಕ್ಕೆ ಹಾಕಿ. ನಾಲ್ಕೈದು ಜನ ಬೇಕು. ಅಪ್ಪಣೆ ಕೊಡುವವನು ಒಬ್ಬನೇ ಇರಲಿ. ಎರಡು ಪಕ್ಕದ ತಂತಿಗಳನ್ನು ಮೊದಲೇ ಕಟ್ಟಿಡಿ. ಹಿಂಬದಿಯ ತಂತಿಯನ್ನು ಒಬ್ಬನು ಹಿಡಿದು ನಿಧಾನವಾಗಿ ಬಿಡಲಿ. ಕಂಬ ಬೀಳಬಹುದಾದ ಸುತ್ತಳತೆಯೊಳಗೆ ನೋಡಲು ಬಂದವರು ನಿಲ್ಲಕೂಡದು. ಕೈ ತಪ್ಪಿ ಕಂಬ ಬೀಳತೊಡಗಿದರೆ ಹಿಡಿಯಹೋಗಬೇಡಿ. ಬಿಟ್ಟು ದೂರ ಸರಿಯಿರಿ. ಕಂಬ ಮತ್ತೆ ಸಿಕ್ಕೀತು.

ಆಂಟೆನಾ ತಂತಿಯ ತುದಿಗಳು ಹತ್ತು ಅಡಿಗಿಂತ ಕೆಳಗೆ ಇಳಿಯಬಾರದು. ಯಂತ್ರ ಮಾತು ಕಳುಹಿಸುವಾಗ ತುದಿಯಲ್ಲಿ ಒತ್ತಡ ಹೆಚ್ಚಿದ್ದು, ಮುಟ್ಟಿದರೆ ಸುಡುತ್ತದೆ. ಬಟ್ಟೆ ಒಣಹಾಕುವ ಆಸೆ ಯಾರಿಗೂ ಬಾರದಿರಲಿ.

ಸಿಡಿಲಿನ ಮಾತು

“ಏನಪ್ಪಾ, ಈ ಕಂಬ ಸಿಡಿಲನ್ನು ಊರಿಗೆ ಕರೆಯುವುದಿಲ್ಲವೆ?” ಎಂದು ಹಿರಿಯರು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಕಂಬ ದೂರದ ಸಿಡಿಲನ್ನು ಊರಿಗೆ ಎಳೆದು ತರುವುದಿಲ್ಲ. ಆದರೆ ಆ ಜಾಗದಲ್ಲಿ ಬೀಳುವ ಸಿಡಿಲು ತೆಂಗಿನ ಮರವನ್ನು ಹುಡುಕುವಂತೆ ಎತ್ತರದ ಕಂಬವನ್ನೂ ಹುಡುಕುತ್ತದೆ. ಅದಕ್ಕೆ ಭೂಮಿಗೆ ಇಳಿಯಲು ಒಳ್ಳೆಯ ದಾರಿ ಮಾಡಿಕೊಡುವುದು ನಮ್ಮ ಕೆಲಸ.

ಕಂಬದ ಬುಡದ ಬಳಿ ಎಂಟಡಿಯ ಜಿ.ಐ. ಪೈಪನ್ನು ಹೂತು, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ದಪ್ಪ ತಾಮ್ರದ ಪಟ್ಟಿಯಿಂದ ಕಂಬಕ್ಕೆ ಜೋಡಿಸಿ. ಪಟ್ಟಿ ನೇರವಾಗಿರಲಿ, ಮಡಿಕೆ, ಸುರುಳಿ ಬೇಡ. ಇದನ್ನು ಮನೆಯ ಅರ್ಥಿಂಗಿಗೂ ಸೇರಿಸಬೇಕು. ಎರಡನ್ನೂ ಬೇರೆಬೇರೆ ಬಿಟ್ಟರೆ ಸಿಡಿಲು ಯಂತ್ರದ ಮೂಲಕವೇ ದಾರಿ ಮಾಡಿಕೊಂಡೀತು. ಈ ಜೋಡಣೆಯನ್ನು ತಿಳಿದ ಎಲೆಕ್ಟ್ರಿಷಿಯನ್ನಿನಿಂದ ಮಾಡಿಸಿ.

ಎಷ್ಟೇ ಮಾಡಿದರೂ ನೇರ ಸಿಡಿಲಿನಿಂದ ಪೂರ್ಣ ರಕ್ಷಣೆ ಇಲ್ಲ. ಭರಣಿ ಮಳೆಯ ಗುಡುಗು ಶುರುವಾಗುವ ಕಾಲದಿಂದ ಕೆಲಸ ಮುಗಿದೊಡನೆ ಕೇಬಲ್ಲನ್ನು ಯಂತ್ರದಿಂದ ಕಳಚಿ ಮನೆಯ ಹೊರಗಿಡುವ ಅಭ್ಯಾಸ ಮಾಡಿ. ಮಿಂಚು ಕಂಡು ಗುಡುಗು ಕೇಳುವುದರೊಳಗೆ 30 ಎಣಿಸಲಾಗದಿದ್ದರೆ ಸಿಡಿಲು 10 ಕಿಲೋಮೀಟರಿನೊಳಗಿದೆ. ಆಗ ಕೇಬಲ್ಲನ್ನು ಕಳಚಲು ಕೂಡ ಮುಟ್ಟಬೇಡಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆಯಾಗುವವರೆಗೆ ಮನೆಯೊಳಗೇ ಇರಿ.

ವರ್ಷದ ಪಾಲನೆ

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ಮೊದಲ ಕಂಬ ನೆಟ್ಟು ಎರಡು ವರ್ಷ ಅದರ ಕಡೆ ತಲೆಯೆತ್ತಿ ನೋಡಿರಲಿಲ್ಲ. ಆಷಾಢದ ಒಂದು ರಾತ್ರಿ ಗಾಳಿ ಎದ್ದಾಗ ತುಕ್ಕು ತಿಂದ ಒಂದು ಕ್ಲಿಪ್ಪು ಕಳಚಿ, ಕಂಬ ಕೊಟ್ಟಿಗೆಯ ಹೆಂಚಿನ ಮೇಲೆ ಬಿತ್ತು. ಎತ್ತುಗಳು ಆಚೆ ಮೂಲೆಯಲ್ಲಿದ್ದುದರಿಂದ ಉಳಿದುಕೊಂಡವು. ಹೊಸ ಕ್ಲಿಪ್ಪಿಗೆ ಆಗುತ್ತಿದ್ದ ಖರ್ಚು ಒಂದು ಹೆಂಚಿನ ಬೆಲೆಗಿಂತಲೂ ಕಡಮೆ. ಅಂದಿನಿಂದ ಕೆಳಗಿನ ಪಟ್ಟಿಯನ್ನು ಗೋಡೆಗೆ ಅಂಟಿಸಿದ್ದೇನೆ.

1. ಯುಗಾದಿ ಕಳೆದ ಮೇಲೆ, ಮುಂಗಾರಿನ ಮುಂಚೆ: ಅರ್ಥಿಂಗಿನ ಜೋಡಣೆ ಬಿಗಿಯಾಗಿದೆಯೇ ನೋಡಿ, ಗುಂಡಿಗೆ ನೀರು ಹಾಕಿ. ತುಕ್ಕು ಕೆರೆದು ರೆಡ್ ಆಕ್ಸೈಡ್ ಬಳಿಯಿರಿ.

2. ಆಷಾಢದ ಮುಂಚೆ: ಬಿಗಿತಂತಿ, ಕ್ಲಿಪ್ಪು, ಗೂಟ ಎಲ್ಲವನ್ನೂ ಕೈಯಿಂದ ಮುಟ್ಟಿ ನೋಡಿ. ಬಿಸಿಲಿಗೆ ಪುಡಿಯಾದ ನೈಲಾನ್ ಹಗ್ಗ, ಮಳೆಗೆ ಕೊಳೆತ ತೆಂಗಿನ ನಾರಿನ ಹಗ್ಗ ಇದ್ದರೆ ಬದಲಾಯಿಸಿ. ತಂತಿಗೆ ತಾಗುವ ಕೊಂಬೆ ಸವರಿ.

3. ಮಳೆಗಾಲದಲ್ಲಿ: ಕೇಬಲ್ಲಿನ ಜೋಡಣೆಗೆ ನೀರು ಇಳಿಯದಂತೆ ರಬ್ಬರು ಟೇಪು ಬಿಗಿಯಾಗಿ ಸುತ್ತಿರಲಿ. ಕೇಬಲ್ಲು ಮನೆಯೊಳಕ್ಕೆ ಹೋಗುವ ಮುಂಚೆ ಒಂದು ಕುಣಿಕೆಯಂತೆ ಕೆಳಗೆ ಬಾಗಿರಲಿ. ನೀರು ಅಲ್ಲೇ ತೊಟ್ಟಿಕ್ಕುತ್ತದೆ.

4. ದೀಪಾವಳಿಯ ಮೇಲೆ: ಬುಡದಲ್ಲಿ ಗೆದ್ದಲು, ಕಾಂಕ್ರೀಟಿನಲ್ಲಿ ಬಿರುಕು ಇದೆಯೇ ಪರೀಕ್ಷಿಸಿ. ಕಂಬ ನೆಟ್ಟಗಿದೆಯೇ ಎಂದು ತೂಕಗುಂಡಿನಿಂದ ನೋಡಿ.

ಇದರೊಡನೆ ತಿಂಗಳಿಗೊಮ್ಮೆ ಎಸ್.ಡಬ್ಲ್ಯು.ಆರ್. ಮೀಟರಿನ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಿ. ಕಾಲುವೆಯ ನೀರು ಮುಚ್ಚಿದ ತೂಬಿಗೆ ತಾಗಿ ಹಿಂದಕ್ಕೆ ಬರುವಂತೆ, ಆಂಟೆನಾ ಸರಿಯಿಲ್ಲದಿದ್ದರೆ ಶಕ್ತಿ ಯಂತ್ರಕ್ಕೇ ಹಿಂದಿರುಗುತ್ತದೆ; ಅದನ್ನು ಅಳೆಯುವ ಮೀಟರು ಇದು. 1.5ರೊಳಗಿದ್ದರೆ ಉತ್ತಮ. 3 ದಾಟಿದರೆ ಮಾತು ನಿಲ್ಲಿಸಿ ಕಾರಣ ಹುಡುಕಿ. ಮಳೆ ಬಂದ ಮೇಲೆ ಅಂಕಿ ಒಮ್ಮೆಲೇ ಬದಲಾದರೆ ಜೋಡಣೆಗೆ ನೀರು ಸೇರಿದೆಯೆಂದು ತಿಳಿಯಿರಿ.

ಯುವಕ ಮಂಡಲದವರೂ ಹೈಸ್ಕೂಲಿನ ಉಪಾಧ್ಯಾಯರೂ ಮನಸ್ಸು ಮಾಡಿದರೆ ಊರಿಗೊಂದು ಕಂಬ ದೊಡ್ಡ ಮಾತಲ್ಲ. ಬಾವಿ ತೋಡುವಾಗ, ಗೋಡೆ ಎಬ್ಬಿಸುವಾಗ ಕೂಡಿ ದುಡಿದಂತೆ ಇಲ್ಲಿಯೂ ಕೂಡಿ ದುಡಿಯಬಹುದು. ಆದರೆ ನೆಟ್ಟ ದಿನದ ಉತ್ಸಾಹ ಆಷಾಢದವರೆಗೂ ಉಳಿಯಬೇಕು. ನೆರೆ ಬಂದ ರಾತ್ರಿ ಆಸ್ಪತ್ರೆಗೆ ಒಂದು ಮಾತು ಮುಟ್ಟಿಸಬೇಕಾದಾಗ, ಕಾಲಕಾಲಕ್ಕೆ ನೋಡಿಕೊಂಡ ಕಂಬವೇ ಕೈಹಿಡಿಯುವುದು.