ಕೆಂಗೇರಿಯೋ, ವೈಟ್‌ಫೀಲ್ಡೋ?

ಬೆಂಗಳೂರಿನ ನಡುವೆ ಸ್ವಂತ ಮನೆಯೆಂಬುದು ಮಧ್ಯಮವರ್ಗದ ಗೃಹಸ್ಥನಿಗೆ ಕೈಗೆಟುಕದಾಗಿದೆ. ಆದ್ದರಿಂದಲೇ ಅವನ ಕಣ್ಣು ಮೆಟ್ರೋ ರೈಲಿನ ನೇರಳೆ ಮಾರ್ಗದ ಎರಡು ದಿಕ್ಕುಗಳತ್ತ ಹೊರಳಿದೆ: ಪಶ್ಚಿಮಕ್ಕೆ ಕೆಂಗೇರಿ, ಪೂರ್ವಕ್ಕೆ ವೈಟ್‌ಫೀಲ್ಡ್. ಕೆಂಗೇರಿಗೆ 2021ರಲ್ಲಿಯೇ ರೈಲು ಬಂದಿತು; 2023ರ ಅಕ್ಟೋಬರಿನಿಂದ ಎರಡೂ ಒಂದೇ ಹಾದಿಗೆ ಸೇರಿವೆ.

ಯಜಮಾನರು ಮೊದಲು ಅಳೆಯುವುದು ಕಚೇರಿಯ ದೂರವನ್ನು. ಮೆಜೆಸ್ಟಿಕ್ಕಿನಿಂದ ವೈಟ್‌ಫೀಲ್ಡ್ ಕೆಂಗೇರಿಗಿಂತ ಸುಮಾರು ಇಮ್ಮಡಿ ದೂರ. ಉದ್ಯೋಗ ಪೂರ್ವದ ಸಾಫ್ಟ್‌ವೇರ್ ಕಂಪನಿಗಳಲ್ಲಿದ್ದರೆ ಈ ಲೆಕ್ಕ ತಲೆಕೆಳಗಾಗುತ್ತದೆ. ಗೃಹಿಣಿ ಅಳೆಯುವುದು ನೀರನ್ನು. ಅವಳ ಅಳತೆಯೇ ಸರಿಯೆಂದು ನನ್ನ ಮತ. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ವೈಟ್‌ಫೀಲ್ಡಿನ ಕಡೆ ಕೋಟಿ ಬೆಲೆಯ ಮನೆಗಳವರೂ ಟ್ಯಾಂಕರಿನ ದಾರಿ ಕಾದರು. ಅದೇ ಅಕ್ಟೋಬರಿನಲ್ಲಿ ಕಾವೇರಿ ಐದನೆಯ ಹಂತದ ಉದ್ಘಾಟನೆಯಾಯಿತು, ನಿಜ. ಆದರೂ ಕೊಳ್ಳುವ ಮುನ್ನ ನೆರೆಮನೆಯವರ ನಲ್ಲಿಯನ್ನು ತಿರುಗಿಸಿ ನೋಡಲು ಸಂಕೋಚ ಬೇಡ.

ಕೆಂಗೇರಿಗೂ ಕಳಂಕವುಂಟು. ವೃಷಭಾವತಿ ಹೆಸರಿಗೆ ನದಿ. ಹೊತ್ತು ತರುವುದು ನಗರದ ಕೊಳಚೆಯನ್ನು. ಬೆಳಗ್ಗೆ ಮನೆ ನೋಡಿ ಮುಂಗಡ ಕೊಟ್ಟವರಿಗೆ, ಗಾಳಿ ತಿರುಗಿದ ಸಂಜೆ ಅದರ ಪರಿಚಯವಾದೀತು.

ಖಾತೆ ‘ಬಿ’ ಆಗಿದ್ದರೆ ಹಲವು ಬ್ಯಾಂಕುಗಳು ಸಾಲಕ್ಕೆ ಹಿಂಜರಿಯುತ್ತವೆ. ವಕೀಲರು ಕಾಗದಪತ್ರ ನೋಡುವವರೆಗೆ ಜೀವಮಾನದ ಉಳಿತಾಯವನ್ನು ಯಾರ ಕೈಗೂ ಒಪ್ಪಿಸಕೂಡದು.

ಇನ್ನು, “ಮೆಟ್ರೋಗೆ ಐದೇ ನಿಮಿಷ ಸ್ವಾಮಿ” ಎನ್ನುವ ದಲ್ಲಾಳಿಯ ಮಾತು! ಯಾವ ವಾಹನದಲ್ಲಿ ಎಂದು ಕೇಳಿರಿ. ಮಳೆಗಾಲದ ಒಂದು ಸಂಜೆ, ದೀಪ ಹತ್ತಿದ ಮೇಲೆ, ಮಗುವಿನ ಕೈ ಹಿಡಿದು ನಿಲ್ದಾಣದಿಂದ ಆ ಮನೆಯವರೆಗೆ ನೀವೇ ನಡೆದು ಬನ್ನಿರಿ.